ಹಿಮದೂರಿನ ಹೊಸ ಹೋಟೆಲ್: ರಾತ್ರಿ ಬಾಗಿಲು ತೆಗೆಯಲು ಅಲ್ಲಿ ಯಾರೂ ಇರಲಿಲ್ಲ

ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಸ್ವಿಟ್ಜರ್ಲೆಂಡಿನ ಸ್ಕೀ ಊರುಗಳಿಗೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಜನವರಿಯಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಾವಿರುವುದು ಜ್ಯೂರಿಕ್‌ನಲ್ಲಿ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪನಿಗೆ 71, ಬಿಪಿ ಇದೆ. ಅಮ್ಮನಿಗೆ ಮಂಡಿ ನೋವು. ಮ್ಯಾಟರ್‌ಹಾರ್ನ್ ಬೆಟ್ಟವನ್ನು ಹತ್ತಿರದಿಂದ ನೋಡಬೇಕು ಅನ್ನುವುದು ಇಬ್ಬರಿಗೂ ಬಹಳ ದಿನದ ಆಸೆ. ಆ ಬೆಟ್ಟದ ಬುಡದಲ್ಲಿರುವ ಝೆರ್ಮಾಟ್ ಊರೊಳಗೆ ಸೀಸನ್‌ನಲ್ಲಿ ರೂಮಿನ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಅದೇ ಕಣಿವೆಯಲ್ಲಿ, ಸ್ವಲ್ಪ ಕೆಳಗಿನ ಒಂದು ಹಳ್ಳಿಯಲ್ಲಿ ಹೊಸ ಹೋಟೆಲ್ ಹುಡುಕಿದೆ. ಮರ, ಗಾಜು, ದೊಡ್ಡ ಕಿಟಕಿ, ಫೋಟೋ ನೋಡಿದರೆ ಯಾರಿಗಾದರೂ ಇಷ್ಟವಾಗುತ್ತೆ. ನಾಲ್ಕು ರಾತ್ರಿಗೆ ದುಡ್ಡು ಮೊದಲೇ ಕಟ್ಟಿದೆವು. ರದ್ದು ಮಾಡಿದರೆ ವಾಪಸ್ ಇಲ್ಲ ಅನ್ನುವ ಷರತ್ತಿತ್ತು, ಅಗ್ಗ ಅಂತ ಅದನ್ನೇ ಒಪ್ಪಿಕೊಂಡೆ.

ಹೋಟೆಲಿನ ಹೆಸರು ಹಾಕುತ್ತಿಲ್ಲ. ರಿಸೆಪ್ಷನ್‌ನಲ್ಲಿ ಮನುಷ್ಯರೇ ಇಲ್ಲದ ಹೋಟೆಲುಗಳು ಈಗ ಎಲ್ಲ ಕಡೆ ಬರುತ್ತಿವೆ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಸರಿ ಅಂದುಕೊಳ್ಳುತ್ತೀರಿ.

ಶುಕ್ರವಾರ ಆಫೀಸ್ ಮುಗಿಸಿ ಹೊರಟೆವು. ಜ್ಯೂರಿಕ್‌ನಿಂದ ಫಿಸ್ಪ್ ತನಕ ದೊಡ್ಡ ರೈಲು, ಸುಮಾರು ಎರಡು ಗಂಟೆ. ಅಲ್ಲಿಂದ ಕಣಿವೆ ಹತ್ತುವ ಚಿಕ್ಕ ಕೆಂಪು ರೈಲು. ನಮ್ಮ ರೈಲು ತಡವಾಗಿ ಆ ಚಿಕ್ಕ ರೈಲು ತಪ್ಪಿತು. ಮುಂದಿನದನ್ನು ಹಿಡಿದು ಹಳ್ಳಿ ಸೇರಿದಾಗ ರಾತ್ರಿ 10:45. ಚಳಿ ಮೈನಸ್ 11 ಡಿಗ್ರಿ. ಮಗಳು ನಮ್ಮನೆಯವರ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು.

ಹೋಟೆಲ್ ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ಒಂದು ಸ್ಟೀಲ್ ಪ್ಯಾನೆಲ್, ಅದರಲ್ಲಿ ಆರು ಅಂಕಿಯ ಕೋಡ್ ಒತ್ತಬೇಕು. ಬರುವ ದಿನ ಮಧ್ಯಾಹ್ನ ಮೆಸೇಜಿನಲ್ಲಿ ಕೋಡ್ ಬರುತ್ತದೆ ಅಂತ ಹೇಳಿದ್ದರು. ಬಂದಿರಲಿಲ್ಲ. ರೈಲಿನಲ್ಲಿ ಕೂತೇ ನಾನು ಎರಡು ಸಲ ಈಮೇಲ್ ಹಾಕಿದ್ದೆ. ಹೋಟೆಲ್ ನಂಬರಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ. ಜರ್ಮನ್, ಫ್ರೆಂಚ್, ಆಮೇಲೆ ಇಂಗ್ಲಿಷ್. ಮೂರರಲ್ಲೂ ಒಂದೇ ಮಾತು, ನಮ್ಮ ಸಿಬ್ಬಂದಿ ಬೆಳಗ್ಗೆ 8ರಿಂದ ರಾತ್ರಿ 10ರವರೆಗೆ ಸಿಗುತ್ತಾರೆ.

ಇನ್ನೊಂದು ಸಲ ಮಾಡೋಣ ಅಂತ ನೋಡುವಷ್ಟರಲ್ಲಿ ನನ್ನ ಫೋನ್ ಆಫ್ ಆಯಿತು. ನಲವತ್ತು ಪರ್ಸೆಂಟ್ ಚಾರ್ಜ್ ಇತ್ತು. ಅಷ್ಟು ಚಳಿಯಲ್ಲಿ ಫೋನಿನ ಬ್ಯಾಟರಿ ಹೀಗೆ ಇದ್ದಕ್ಕಿದ್ದಂತೆ ಕೈ ಕೊಡುತ್ತೆ, ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಫೋನನ್ನು ಸ್ವೆಟರ್ ಒಳಗೆ, ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು.

ಗಾಜಿನ ಆಚೆ ಲಾಬಿ ಪೂರ್ತಿ ಕಾಣುತ್ತಿತ್ತು. ಮೆತ್ತನೆ ಕುರ್ಚಿಗಳು, ಹಳದಿ ದೀಪ. ಗೋಡೆಯ ಟಿವಿಯಲ್ಲಿ ಕಟ್ಟಿಗೆ ಒಲೆ ಉರಿಯುವ ವಿಡಿಯೋ ಓಡುತ್ತಿತ್ತು. ಅಮ್ಮ ಎರಡೂ ಅಂಗೈ ಗಾಜಿಗೆ ಒತ್ತಿಕೊಂಡು, "ಒಳಗೆ ಯಾರೂ ಇಲ್ವೇನೇ?" ಅಂದಳು. ಅವಳ ಉಸಿರಿಗೆ ಗಾಜು ಮಂಜಾಗಿ ಆ ಬೆಂಕಿ ಮಸುಕಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಸೀರೆಯ ಒಳಗೆ ಥರ್ಮಲ್, ಮೇಲೆ ನನ್ನ ಹಳೇ ಜಾಕೆಟ್, ತಲೆಗೆ ಮಫ್ಲರ್. ಅಷ್ಟಿದ್ದರೂ ನಡುಗುತ್ತಿದ್ದಳು. ಅಪ್ಪ ಮಾತ್ರ "ಬಿಡಮ್ಮ, ಬರ್ತಾರೆ" ಅನ್ನುತ್ತಿದ್ದರು. ಆದರೆ ಮಾತು ತೊದಲುತ್ತಿತ್ತು. ಅದನ್ನು ಕೇಳಿದಾಗ ನನಗೆ ನಿಜವಾಗಿ ಭಯವಾಯಿತು. ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತೆ. ವಯಸ್ಸಾದವರ ಮೈ ಬೇಗ ತಣ್ಣಗಾಗುತ್ತೆ, ಎಷ್ಟೋ ಸಲ ಅವರಿಗೇ ಅದು ಗೊತ್ತಾಗುವುದಿಲ್ಲ.

ಗಾಳಿ ತಪ್ಪಿಸಲು ಗೋಡೆ ಪಕ್ಕ, ಸೂರಿನ ಕೆಳಗೆ ಅವರನ್ನು ನಿಲ್ಲಿಸಿದೆ. ಆಗ ಎದುರಿನ ಹಳೇ ಮರದ ಮನೆಯ ಕಿಟಕಿಯಲ್ಲಿ ಪರದೆ ಸರಿಯಿತು. ಒಬ್ಬ ವಯಸ್ಸಾದ ಹೆಂಗಸು ಕೋಟು ಹಾಕಿಕೊಂಡೇ ಓಡಿಬಂದರು. ಕೈ ಬೀಸಿ ಜರ್ಮನ್‌ನಲ್ಲಿ ಕೂಗುತ್ತಿದ್ದರು. ನಮ್ಮನೆಯವರು ಅರ್ಥ ಮಾಡಿಕೊಂಡು ಅಪ್ಪನನ್ನು ಥಟ್ಟನೆ ಈಚೆಗೆ ಎಳೆದರು. ಸೂರಿನ ಮೇಲೆ ಮೊಣಕಾಲೆತ್ತರದ ಹಿಮ ಕೂತಿತ್ತು. ಇಳಿಜಾರಿನ ಸೂರಿನಿಂದ ಅದು ಒಮ್ಮೆಗೇ ಜಾರಿ ಬೀಳುತ್ತದಂತೆ, ಅದರಡಿ ಸಿಕ್ಕಿ ಜನ ಸತ್ತದ್ದೂ ಇದೆಯಂತೆ. ಗಾಳಿಗೆ ಮರೆ ಅಂತ ನಾನೇ ಅವರನ್ನು ಅಲ್ಲಿ ನಿಲ್ಲಿಸಿದ್ದೆ. ಈಗಲೂ ನೆನೆದರೆ ಎದೆ ಝಲ್ ಅನ್ನುತ್ತೆ. ಹಿಮದೂರಿನಲ್ಲಿ ಸೂರಿನ ಕೆಳಗೆ ನಿಲ್ಲಬೇಡಿ, ಮಕ್ಕಳನ್ನು ಆಟಕ್ಕೂ ಬಿಡಬೇಡಿ.

ಆ ತಾಯಿ ನಮ್ಮನ್ನೆಲ್ಲ ತಮ್ಮ ಅಡುಗೆಮನೆಯಲ್ಲಿ ಕೂರಿಸಿದರು. ಬಿಸಿನೀರು ಕೊಟ್ಟರು, ಯಾವುದೋ ಸೊಪ್ಪಿನ ಚಹಾ ಮಾಡಿಕೊಟ್ಟರು, ಅಮ್ಮನ ಕಾಲಿಗೆ ಕಂಬಳಿ ಸುತ್ತಿದರು. ಆ ಚಳಿಗಾಲದಲ್ಲಿ ಹೀಗೆ ಹೊರಗೆ ನಿಂತವರು ನಾವೇ ಮೊದಲಲ್ಲವಂತೆ.

11:40ಕ್ಕೆ ಬೇರೆ ಯಾರೋ ಅತಿಥಿ ಬಂದು ಬಾಗಿಲು ತೆಗೆದಾಗ ನಮ್ಮನೆಯವರು ಅವರ ಹಿಂದೆಯೇ ಒಳಗೆ ಹೋದರು. ಒಳಗೆ ಗೋಡೆ ಮೇಲೆ ಒಂದು ಕಾಗದ ಅಂಟಿಸಿತ್ತು, ರಾತ್ರಿ ತುರ್ತಿಗೆ ಈ ನಂಬರಿಗೆ ಕರೆ ಮಾಡಿ ಅಂತ. ಆ ನಂಬರು ಇದ್ದದ್ದು ಲಾಬಿಯ ಒಳಗೆ! ಹೊರಗೆ ಎಲ್ಲೂ ಇಲ್ಲ, ಈಮೇಲಿನಲ್ಲೂ ಇಲ್ಲ. ಅಲ್ಲಿಗೆ ಫೋನ್ ಮಾಡಿ ರೂಮಿನ ಕಾರ್ಡ್ ಸಿಗುವಷ್ಟರಲ್ಲಿ 12:20. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಆ ಕಾಗದ ನೋಡಿ.

ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೀಟರ್ ನಮ್ಮ ಕೈಯಲ್ಲಿಲ್ಲ, 20 ಡಿಗ್ರಿ ದಾಟುವುದಿಲ್ಲ. ನೀರು ಕಾಯಿಸಲು ಕೆಟಲ್ ಇಲ್ಲ. ಬಾತ್‌ರೂಮಿಗೆ ಬರೀ ಗಾಜಿನ ಬಾಗಿಲು, ಅಪ್ಪ ಅಮ್ಮ ಮಗು ಇರುವ ರೂಮಿನಲ್ಲಿ ಎಷ್ಟು ಮುಜುಗರ ಯೋಚಿಸಿ. "ಲಿಫ್ಟ್‌ಗೆ 5 ನಿಮಿಷ" (ಬೆಟ್ಟ ಹತ್ತಿಸುವ ಸ್ಕೀ ಲಿಫ್ಟ್) ಅಂತ ಬರೆದದ್ದು ಕಾರಿನ ಲೆಕ್ಕ. ಝೆರ್ಮಾಟ್‌ಗಾದರೆ ಕಾರನ್ನು ಬಿಡುವುದೇ ಇಲ್ಲ. ಕೆಳಗೆ ಟೆಶ್‌ನಲ್ಲಿ ನಿಲ್ಲಿಸಿ 12 ನಿಮಿಷ ರೈಲಿನಲ್ಲಿ ಹೋಗಬೇಕು. ಹಾಗಿದ್ದ ಮೇಲೆ ಕಾರಿನ 5 ನಿಮಿಷ ಯಾರಿಗೆ ಬೇಕು?

ಬೆಳಗ್ಗೆ ಅಪ್ಪ ತಮ್ಮ ಬಿಪಿ ಮೆಷಿನ್ ತೆಗೆದು ನೋಡಿಕೊಂಡರು. 168, 100. ಆ ದಿನ ಗೋರ್ನರ್‌ಗ್ರಾಟ್ ಹತ್ತುವುದಿತ್ತು. 1898ರಿಂದ ಓಡುತ್ತಿರುವ ಹಲ್ಲುಗಾಲಿ ರೈಲು ಅದು, ಕೊನೇ ಸ್ಟೇಷನ್ 3,089 ಮೀಟರ್ ಎತ್ತರದಲ್ಲಿದೆ. ನಿದ್ದೆಯಿಲ್ಲದೆ, ಆ ಬಿಪಿಯಲ್ಲಿ ಅಷ್ಟು ಎತ್ತರಕ್ಕೆ ಕರೆದುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಝೆರ್ಮಾಟ್ ಪೇಟೆಗೆ ಹೋಗಿ, ನದಿಯ ಸೇತುವೆ ಮೇಲೆ ನಿಂತು ಮ್ಯಾಟರ್‌ಹಾರ್ನ್ ನೋಡಿ, ಸಂಜೆಗೆ ಜ್ಯೂರಿಕ್‌ಗೆ ವಾಪಸಾದೆವು. ಉಳಿದ ಮೂರು ರಾತ್ರಿಯ ದುಡ್ಡು ಹೋಯಿತು. ಹೋಟೆಲಿನವರು ನಮ್ಮ ಸಿಸ್ಟಮ್ ಕೋಡ್ ಕಳಿಸಿದೆ ಅಂದರು. ಬುಕಿಂಗ್ ಸೈಟಿನವರು ಹೋಟೆಲನ್ನೇ ಕೇಳಿ ಅಂದರು. ಎರಡು ತಿಂಗಳು ಪತ್ರ ಬರೆದ ಮೇಲೆ ಸಿಕ್ಕಿದ್ದು ಮುಂದಿನ ಸಲ ಬಂದಾಗ 15 ಪರ್ಸೆಂಟ್ ರಿಯಾಯಿತಿ ಅನ್ನುವ ಕೂಪನ್. ಮುಚ್ಚಿದ ಬಾಗಿಲಿನ ಫೋಟೋ ಸಮಯದ ಸಮೇತ ತೆಗೆದಿಟ್ಟಿದ್ದರೆ ನಮ್ಮ ಮಾತಿಗೆ ಸ್ವಲ್ಪ ಬಲ ಬರುತ್ತಿತ್ತೇನೋ. ನೀವು ಸಿಕ್ಕಿಹಾಕಿಕೊಂಡರೆ ಅದನ್ನು ಮರೆಯಬೇಡಿ.

ಹೋಟೆಲಿನಲ್ಲಿ ಮನುಷ್ಯರು ಬೇಕಾಗುವುದು ಬಾಗಿಲು ತೆಗೆಯಲು ಮಾತ್ರ ಅಲ್ಲ. 2018ರ ಜನವರಿಯಲ್ಲಿ ವಿಪರೀತ ಹಿಮ ಬಿದ್ದು ಝೆರ್ಮಾಟ್‌ಗೆ ರಸ್ತೆ, ರೈಲು ಎರಡೂ ನಿಂತಿದ್ದವು. ಹಿಮಕುಸಿತದ ಎಚ್ಚರಿಕೆ ಐದರಲ್ಲಿ ಐದಕ್ಕೆ ಏರಿತ್ತು. ಸುಮಾರು 13,000 ಪ್ರವಾಸಿಗರು ಊರಲ್ಲೇ ಸಿಕ್ಕಿಬಿದ್ದರು, ಕೆಲವರನ್ನು ಹೆಲಿಕಾಪ್ಟರ್‌ನಲ್ಲಿ ಕೆಳಗಿಳಿಸಿದರು. ಅಂಥ ದಿನ ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು, ರೈಲು ಯಾವಾಗ ಬಿಡುತ್ತಾರೆ, ಇದನ್ನೆಲ್ಲ ಹೇಳಲು ಊರಿನ ಮನುಷ್ಯರು ಬೇಕು, ಅಲ್ವಾ?

ಬೇಸಿಗೆಗೆ ಅತ್ತೆ ಮಾವ ಬರುತ್ತಿದ್ದಾರೆ. ಈ ಸಲ ದುಡ್ಡು ಕಟ್ಟುವ ಮುಂಚೆ ನಾನು ಹೋಟೆಲುಗಳಿಗೆ ರಾತ್ರಿ 10:30ಕ್ಕೇ ಫೋನ್ ಮಾಡಿದೆ. ಮೊದಲ ಎರಡರಲ್ಲಿ ರೆಕಾರ್ಡ್ ದನಿ ಬಂತು, ಬಿಟ್ಟೆ. ಮೂರನೆಯದರಲ್ಲಿ ಒಬ್ಬ ಹೆಂಗಸು ಎತ್ತಿಕೊಂಡರು. ರೈಲು ತಪ್ಪಿ ತಡವಾದರೆ ಬಾಗಿಲು ಯಾರು ತೆಗೆಯುತ್ತಾರೆ ಅಂತ ಕೇಳಿದೆ. ನಾನು ಮೇಲಿನ ಮಹಡಿಯಲ್ಲೇ ಮಲಗುತ್ತೇನೆ, ಬೆಲ್ ಒತ್ತಿ, ಬರುತ್ತೇನೆ ಅಂದರು. ಅಲ್ಲೇ ಬುಕ್ ಮಾಡಿದ್ದೇನೆ. ಆ ನಂಬರು, ಪಕ್ಕದಲ್ಲಿ ಆಂಬುಲೆನ್ಸ್‌ನ 144, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಕಾಗದಕ್ಕೆ ಚಾರ್ಜ್ ಬೇಕಾಗಿಲ್ಲ.