ಚಿತ್ರದುರ್ಗದ ಮನೆಗೆ ಸೋಲಾರ್ ಹೀಟರೋ, ಗೀಸರೋ?

ನೂರು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಗೀಸರ್‌ಗೆ ಹತ್ತಿರ ಹತ್ತಿರ 4 ಯೂನಿಟ್ ಕರೆಂಟ್ ಬೇಕು. ಊರ ಪಕ್ಕದ ಜೋಗಿಮಟ್ಟಿ ಗುಡ್ಡದ ಕಡೆ ಗಾಳಿಯಂತ್ರ ಎಷ್ಟೇ ತಿರುಗಲಿ, ದೇಶದ ಗ್ರಿಡ್‌ನಲ್ಲಿ (ವಿದ್ಯುತ್ ಜಾಲದಲ್ಲಿ) ಹರಿಯುವ ಕರೆಂಟಿನಲ್ಲಿ ಕಲ್ಲಿದ್ದಲಿನದೇ ಸಿಂಹಪಾಲು. ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ದಿನಕ್ಕೆ 3 ಕೆಜಿ ಹತ್ತಿರ. ಮೋಡದ ದಿನ ಬಿಟ್ಟರೆ ಸೋಲಾರ್‌ಗೆ ಆ ಖರ್ಚಿಲ್ಲ. ನಮ್ಮ ಕಡೆ ಬಿಸಿಲಿಗೇನು ಬರ!

ತಕರಾರು ಬೋರ್‌ವೆಲ್ ನೀರಿನದು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಹಿಡಿಯುತ್ತದಲ್ಲ, ಅದೇ ಫ್ಲಾಟ್ ಪ್ಲೇಟ್ (ಚಪ್ಪಟೆ ಫಲಕದ) ಸೋಲಾರಿನ ಸಣ್ಣ ತಾಮ್ರದ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಇನ್ನೊಂದು ಬಗೆ, ಗಾಜಿನ ಕೊಳವೆಯದ್ದು, ಇಂಥ ಗಡಸು ನೀರನ್ನು ತಕ್ಕಮಟ್ಟಿಗೆ ತಾಳುತ್ತದೆ, ಅಗ್ಗವೂ ಹೌದು. ಮಂಗಗಳ ಕಾಟವಿದ್ದರೆ ಒಡೆಯುವ ಭಯ. ಸ್ವಂತ ತಾರಸಿ ಇದ್ದರೆ ನನ್ನ ಮತ ಈ ಗಾಜಿನ ಕೊಳವೆಯ ಸೋಲಾರಿಗೇ. ಬಾಡಿಗೆ ಮನೆಯವರಿಗೆ ಗೀಸರೇ ಗತಿ: ಸ್ನಾನಕ್ಕೆ ಸ್ವಲ್ಪ ಮೊದಲಷ್ಟೇ ಹಾಕಿ, ಶವರ್ ಬಿಟ್ಟು ಬಕೆಟ್ ಹಿಡಿಯಿರಿ.