ಸಾಧಾರಣ ಕ್ಯಾಮ್‌ಕಾರ್ಡರ್‌ಗೆ ತಂತಿಯ ಕಾಲರ್ ಮೈಕ್: ಬಳಸಿ ನೋಡಿದ ಅನುಭವ

ಮನೆಬಳಕೆಯ ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸುವುದುಂಟು. ಒಳಗಿನ ಮೈಕ್‌ನ ಗುಣಮಟ್ಟಕ್ಕಿಂತ ಅದು ಇರುವ ದೂರವೇ ಇದಕ್ಕೆ ಮುಖ್ಯ ಕಾರಣ. ದೂರ ಇಮ್ಮಡಿಯಾದರೆ ನೇರ ಧ್ವನಿ ಸುಮಾರು 6 ಡೆಸಿಬಲ್‌ನಷ್ಟು ಇಳಿಯುತ್ತದೆ, ಕೋಣೆಯ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ನಾನು ಬಳಸುತ್ತಿರುವ, 3.5 ಮಿ.ಮೀ. ಪಿನ್ನಿನ ತಂತಿಯ ಕಾಲರ್ ಮೈಕ್ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದೆ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಸಕಾರ, ಶಕಾರಗಳ ವ್ಯತ್ಯಾಸವೂ ಸ್ಪಷ್ಟವಾಗಿ ದಾಖಲಾಗುತ್ತದೆ. ಗರಿಗರಿಯಾದ ಬಟ್ಟೆ ತಗುಲಿದರೆ ಮಾತ್ರ ಕರಕರ ಸದ್ದು ಮಾತನ್ನೇ ನುಂಗಿಬಿಡುತ್ತದೆ. ಜೊತೆಗೆ ಬರುವ ಸ್ಪಂಜಿನ ಟೋಪಿ ಫ್ಯಾನಿನ ಗಾಳಿಗೆ ಸಾಕು, ಬಯಲಿನ ಗಾಳಿಗೆ ಸಾಲದು.

ಈ ಮೈಕ್‌ನಿಂದಲೂ ಪರಿಹಾರವಾಗದ ಒಂದು ಸಮಸ್ಯೆಯಿದೆ. ಮಾತು ನಿಂತೊಡನೆ ಕ್ಯಾಮ್‌ಕಾರ್ಡರ್ ತಾನಾಗಿಯೇ ಧ್ವನಿಮಟ್ಟವನ್ನು ಏರಿಸುವುದರಿಂದ, ಪ್ರತಿಯೊಂದು ವಿರಾಮದಲ್ಲೂ ಹಿನ್ನೆಲೆಯ ಹಿಸ್ ಶಬ್ದ ಮೇಲೇಳುತ್ತದೆ. ಮೆನುವಿನಲ್ಲಿ ಧ್ವನಿಮಟ್ಟವನ್ನು ಕೈಯಾರೆ ಹೊಂದಿಸುವ ಅವಕಾಶವಿದ್ದರೆ, ಅತಿ ಜೋರಾದ ಮಾತು ಪರದೆಯ ಧ್ವನಿಮಾಪಕದಲ್ಲಿ (ಇದರಲ್ಲಿ ಸೊನ್ನೆಯೇ ಗರಿಷ್ಠ ಮಿತಿ) ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಡುವುದು ಉತ್ತಮ. ಹೆಡ್‌ಫೋನ್ ಕಿಂಡಿಯಿದ್ದರೆ ಚಿತ್ರೀಕರಣದ ಉದ್ದಕ್ಕೂ ಕೇಳುತ್ತಲೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವ ಮುನ್ನ ಪಿನ್ನನ್ನು ಗಮನಿಸಿ: ಮೂರು ಕಪ್ಪು ಉಂಗುರಗಳಿರುವ ಪಿನ್ ಫೋನಿಗೆ ಹೊಂದುವಂಥದ್ದು, ಕ್ಯಾಮ್‌ಕಾರ್ಡರ್‌ಗೆ ಸಾಮಾನ್ಯವಾಗಿ ಎರಡು ಉಂಗುರಗಳದ್ದು ಬೇಕು. ಕ್ಯಾಮ್‌ಕಾರ್ಡರ್‌ನಲ್ಲಿ ಮೈಕ್ ಕಿಂಡಿಯೇ ಇಲ್ಲದವರು ಮೈಕನ್ನು ಪ್ರತ್ಯೇಕ ರೆಕಾರ್ಡರ್‌ಗೆ ಜೋಡಿಸಿ, ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಕೊಂಡರೆ, ಸಂಕಲನದ ವೇಳೆ ಧ್ವನಿಯನ್ನೂ ಚಿತ್ರವನ್ನೂ ಸುಲಭವಾಗಿ ಹೊಂದಿಸಬಹುದು.