ನೀಲಿ ಆವ್‌ಗ್ಯಾಸೋ, ಬಂಕಿನ ಪೆಟ್ರೋಲೋ?

ಪುಟ್ಟ ವಿಮಾನಕ್ಕೆ ಆವ್‌ಗ್ಯಾಸ್, ಅಂದರೆ ವಿಮಾನಕ್ಕೆಂದೇ ಮಾಡುವ ನೀಲಿ ಬಣ್ಣದ ಪೆಟ್ರೋಲು ಹಾಕಬೇಕೋ, ಬಂಕಿನದೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಂಕಿನ ಪೆಟ್ರೋಲಿಗೆ. ಅದೂ ಎಥನಾಲ್ ಬೆರೆಸದ 100 ಆಕ್ಟೇನ್ ಪೆಟ್ರೋಲಿಗೆ ಮಾತ್ರ. (ಎಂಜಿನ್ನಿನ ಒತ್ತಡಕ್ಕೆ ಪೆಟ್ರೋಲು ತಾನಾಗೇ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವ ಅಂಕವೇ ಆಕ್ಟೇನ್.)

ಹುಬ್ಬಳ್ಳಿಯ ಗೆಳೆಯರೊಬ್ಬರೂ ನಾನೂ ಸೇರಿ ಇಟ್ಟುಕೊಂಡಿರುವ ಎರಡು ಸೀಟಿನ ಮೈಕ್ರೋಲೈಟಿಗೆ, ಅಂದರೆ ತೀರಾ ಹಗುರ ವಿಮಾನಕ್ಕೆ, ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ ಇದೆ. ಗೆಳೆಯರು ನೀಲಿ ಪಾರ್ಟಿ. 'ವಿಮಾನಕ್ಕ ವಿಮಾನದ್ದ ಎಣ್ಣಿ ಹಾಕಬೇಕ್ರಿ' ಅನ್ನುವುದು ಅವರ ವಾದ. ಅವರ ಮಾತಿಗೆ ಒಂದು ಬ್ಯಾರಲ್ ಆವ್‌ಗ್ಯಾಸ್ 100ಎಲ್‌ಎಲ್ ತರಿಸಿದೆವು. ಅದು ತಳ ಕಾಣುವ ಹೊತ್ತಿಗೆ ನನಗೆ ಸಾಕಾಗಿತ್ತು.

ಇಡುವುದೇ ಮೊದಲ ತಾಪತ್ರಯ. ಲೈಸೆನ್ಸ್ ಇಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರ್. ಬ್ಯಾರಲ್ 200 ಲೀಟರಿನದು. ಲೈಸೆನ್ಸ್ ಇದ್ದವರ ಗೋದಾಮಿನಲ್ಲಿ ಬಾಡಿಗೆಗೆ ಇಟ್ಟು, ಬೇಕಾದಾಗ ಕ್ಯಾನಿನಲ್ಲಿ ಹೊತ್ತು ತಂದೆವು.

ನಿಜವಾದ ತಲೆನೋವು ಸೀಸ. ನಮ್ಮ ಬಂಕುಗಳಿಂದ ಸೀಸ 2000ದಲ್ಲೇ ಹೋಯಿತು. ಆವ್‌ಗ್ಯಾಸಿನಲ್ಲಿ ಇನ್ನೂ ಲೀಟರಿಗೆ 0.56 ಗ್ರಾಂವರೆಗೆ ಇರುತ್ತದೆ. ಅದು ಉರಿದ ಮೇಲೆ ಪುಡಿಯಾಗಿ ಒಳಗೇ ಕೂರಬಾರದು ಅಂತ ಬ್ರೋಮಿನ್ ಇರುವ ಇನ್ನೊಂದು ರಾಸಾಯನಿಕ ಸೇರಿಸುತ್ತಾರೆ. ಎಂಜಿನ್ ಚೆನ್ನಾಗಿ ಕಾದರೆ ಸೀಸ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನಮ್ಮದು ಕಾಯುವುದೇ ಕಡಿಮೆ. ಸ್ವಲ್ಪ ದೂರ ನೆಲದ ಮೇಲೆ ಓಡಾಟ, ಅರ್ಧ ತಾಸು ಹಾರಾಟ, ಮತ್ತೆ ಶೆಡ್ಡು. ಪ್ಲಗ್ಗು ಬಿಚ್ಚಿ ನೋಡಿದರೆ ಪಿಂಗಾಣಿಯ ಸುತ್ತ ಬೂದು ಬಣ್ಣದ ಹರಳು. ಕಿಡಿ ಕೊಡುವ ಎರಡು ಸರ್ಕ್ಯೂಟುಗಳನ್ನು ಒಂದೊಂದಾಗಿ ನೋಡುವ ಮ್ಯಾಗ್ನೆಟೊ ಚೆಕ್ ಮಾಡುವಾಗ ಆರ್‌ಪಿಎಂ ಧಡಕ್ಕನೆ ಬೀಳುತ್ತಿತ್ತು.

ಈ ಎಂಜಿನ್ನಿನ ಗೇರ್‌ಬಾಕ್ಸೂ ಅದೇ ಆಯಿಲ್ ಕುಡಿಯುತ್ತದೆ. ಸಿಲಿಂಡರಿನಿಂದ ಜಾರಿದ ಸೀಸ ಅಲ್ಲಿಗೂ ಹೋಗುತ್ತದೆ, ಆಯಿಲ್ ಟ್ಯಾಂಕಿನ ತಳಕ್ಕೂ ಇಳಿಯುತ್ತದೆ. ಟ್ಯಾಂಕ್ ತೊಳೆಯಲು ಕೈ ಹಾಕಿದೆ. ಬೆರಳಿಗೆ ನೀರಲ್ಲಿ ಕಲಸಿದ ವಿಭೂತಿಯಂಥ ಗಸಿ ಅಂಟಿತು. ಕೈಗವಸು ಇಲ್ಲದೆ ಮುಟ್ಟಬೇಡಿ, ಅದು ವಿಷ. ಆವ್‌ಗ್ಯಾಸಿನಲ್ಲೇ ಓಡಿಸುವವರಿಗೆ ರೋಟ್ಯಾಕ್ಸಿನವರು 100 ಗಂಟೆಯ ಬದಲು 50 ಗಂಟೆಗೇ ಆಯಿಲ್ ಬದಲಿಸಲು ಹೇಳುತ್ತಾರೆ. ಪೂರ್ತಿ ಸಿಂಥೆಟಿಕ್ ಆಯಿಲ್ ಸೀಸವನ್ನು ತೇಲಿಸಿ ಇಡುವುದಿಲ್ಲ, ಅದಕ್ಕೆ ಸೆಮಿ ಸಿಂಥೆಟಿಕ್ಕೇ ಬೇಕು. ಆವ್‌ಗ್ಯಾಸ್ ಮೊದಲೇ ತುಟ್ಟಿ, ಮೇಲೆ ಈ ಖರ್ಚು ಬೇರೆ.

ಹಾಗಂತ ಪೆಟ್ರೋಲು ಸುಲಭ ಅಲ್ಲ. ಬಂಕಿನ ಸಾಮಾನ್ಯ ಪೆಟ್ರೋಲು ಈಗ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ್ದು. ನಮ್ಮ ಎಂಜಿನ್ ಒಪ್ಪುವುದು ಶೇ. 10ರವರೆಗಿನ ಎಥನಾಲ್. ಆಕ್ಟೇನ್ ಕೂಡ ಕನಿಷ್ಠ 95 ಬೇಕು. ಎಥನಾಲ್ ನೀರು ಹೀರುತ್ತದೆ. ಧಾರವಾಡದ ಮಳೆಗಾಲದ ಥಂಡಿಯಲ್ಲಿ ಟ್ಯಾಂಕ್ ಅರ್ಧ ಖಾಲಿ ನಿಂತರೆ ನೀರು, ಎಥನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಮೇಲೆ ಹಾರುವಾಗ ಎಂಜಿನ್ನಿಗೆ ಅದೇ ಹೋದರೆ? ಕೆಳಗೆ ಅಣ್ಣಿಗೇರಿ ಕಡೆಯ ಎರಿ ಹೊಲ. ಮಳೆ ಬಿದ್ದರೆ ಅಲ್ಲಿ ಚಕ್ಕಡಿಯೇ ಹೂತು ಹೋಗುತ್ತದೆ, ನಮ್ಮ ಪುಟ್ಟ ಗಾಲಿ ಯಾವ ಲೆಕ್ಕ!

ಅದಕ್ಕೆ ಪ್ರತಿ ಕ್ಯಾನಿಗೂ ಒಂದು ಪರೀಕ್ಷೆ. ಅಳತೆ ಜಾಡಿಗೆ 10 ಮಿ.ಲೀ. ನೀರು ಹಾಕಿ, 100ರ ಗೆರೆಯವರೆಗೆ ಪೆಟ್ರೋಲು ತುಂಬಿ, ಅಲ್ಲಾಡಿಸಿ ಬಿಡಿ. ನೀರಿನ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಇ20 ಆದರೆ 25 ದಾಟುತ್ತದೆ. ಬಂಕಿನ ಹುಡುಗ ನೋಡಿ ನಗುತ್ತಾನೆ, 'ಸರ, ಇದೇನ್ ಲ್ಯಾಬ್ ಏನ್ರಿ?' ನಗಲಿ ಬಿಡಿ.

ಬಿಸಿಲಿಗೆ ಆವ್‌ಗ್ಯಾಸೇ ಮೇಲು. ಪೆಟ್ರೋಲು ಬೇಗ ಆವಿಯಾಗುತ್ತದೆ, ಏಪ್ರಿಲ್ ಮಧ್ಯಾಹ್ನ ಪೈಪಿನಲ್ಲೇ ಆವಿ ಕಟ್ಟಿ ಎಂಜಿನ್ ಕೆಮ್ಮಬಹುದು. ನಾನು ಬೆಳಗಿನ ಒಗ್ಗರಣಿ-ಮಿರ್ಚಿ ಹೊತ್ತಿಗೆ ಇಳಿದುಬಿಡುವವನು, ನನಗೆ ಆ ಚಿಂತೆ ಇಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಕ್ಕೂ ಆವ್‌ಗ್ಯಾಸ್ ಒಳ್ಳೆಯದು. ನಾನು ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿ ಸ್ಕೂಟರಿಗೆ ಹಾಕಿಬಿಡುತ್ತೇನೆ. ಆ ವಾರ ಸ್ಕೂಟರಿಗೆ ಹಬ್ಬ.

ಬೆಲೆ? 100 ಆಕ್ಟೇನ್ ಸಾಮಾನ್ಯ ಪೆಟ್ರೋಲಿಗಿಂತ ಲೀಟರಿಗೆ 50 ರೂಪಾಯಿಗೂ ಜಾಸ್ತಿ. ಪ್ಲಗ್ಗು, ಆಯಿಲ್ಲು, ಗೋದಾಮಿನ ಬಾಡಿಗೆ ಸೇರಿಸಿದರೆ ಆವ್‌ಗ್ಯಾಸಿನ ಎದುರು ಅದು ಏನೂ ಅಲ್ಲ.

ನಿಮ್ಮದು ಹಳೇ ಸೆಸ್ನಾದಂಥ ವಿಮಾನ, ಕಾಗದದಲ್ಲಿ ಪೆಟ್ರೋಲಿಗೆ ಒಪ್ಪಿಗೆ ಇಲ್ಲ ಅಂದರೆ ಸುಮ್ನೆ ನೀಲಿಯನ್ನೇ ಹಾಕಿ. ಬೇರೆ ಊರಲ್ಲಿ ನೀಲಿಯೊಂದೇ ಸಿಕ್ಕರೆ ನಾನೂ ತುಂಬಿಸಿಕೊಳ್ಳುತ್ತೇನೆ. ಬೆರಕೆಗೆ ರೋಟ್ಯಾಕ್ಸ್ ಬೇಡ ಅನ್ನುವುದಿಲ್ಲ. ಒಟ್ಟು ಹಾರಾಟದಲ್ಲಿ ನೀಲಿಯ ಪಾಲು ಶೇ. 30 ದಾಟದಂತೆ ಲಾಗ್‌ಬುಕ್ಕಿನಲ್ಲಿ ಲೆಕ್ಕ ಇಡುತ್ತೇನೆ, ಆಗ ಆಯಿಲ್ ಬದಲಾವಣೆ 100 ಗಂಟೆಗೇ ಸಾಕು.